ಬೌಲರ್ ಕೆಟ್ಟವನೋ, ನಸೀಬು ಕೆಟ್ಟದ್ದೋ?

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣನ ಮಗ ನನ್ನನ್ನು ಫ್ಯಾಂಟಸಿ ಬೇಸ್‌ಬಾಲ್‌ಗೆ (ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುವ, ಅವರ ಆಟದ ಮೇಲೆ ಪಾಯಿಂಟ್ ಪಡೆಯುವ ಆಟಕ್ಕೆ) ಸೇರಿಸಿದ್ದಾನೆ. ನನ್ನ ಒಬ್ಬ ಪಿಚರ್‌ನ (ಬೇಸ್‌ಬಾಲ್‌ನ ಬೌಲರ್) ಇಆರ್‌ಎ 4.80. ಕೈಬಿಡೋಣ ಅಂದ್ರೆ, 'ಎಫ್‌ಐಪಿ 3.30 ಇದೆ, ಇಟ್ಕೊಳ್ಳಿ ಚಿಕ್ಕಪ್ಪ' ಅನ್ನುತ್ತಾನೆ. ಏನಿದು?
- ಓದುಗರು, ಸಿಂಧನೂರು

ಉತ್ತರ: ಹುಡುಗ ಹೇಳಿದ್ದು ಸರಿ. ನಾನು ಬಳ್ಳಾರಿಯ ಮೈದಾನಗಳಲ್ಲಿ ವರ್ಷಗಟ್ಟಲೆ ಕ್ರಿಕೆಟ್ ಸ್ಕೋರ್ ಬರೆದವನು. ಹೊಟ್ಟೆ ಬಂದ ಫೀಲ್ಡರ್ ಪಕ್ಕದಲ್ಲೇ ಚೆಂಡು ಉರುಳಿ ಹೋದರೂ ರನ್ ಬೀಳುವುದು ಬೌಲರ್ ಲೆಕ್ಕಕ್ಕೇ. ಅಲ್ವಾ?

ಇಆರ್‌ಎ ಕಥೆಯೂ ಅದೇ. 9 ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅನ್ನುವ ಲೆಕ್ಕ ಅದು. ಫೀಲ್ಡರ್ ಕೈಬಿಟ್ಟ 'ಎರರ್'ನಿಂದ ಬಂದ ರನ್ ಅದರಲ್ಲಿಲ್ಲ. ಆದರೆ ನಿಧಾನಕ್ಕೆ ಓಡಿದ ಫೀಲ್ಡರ್ ಮುಟ್ಟಲಾಗದ ಚೆಂಡು ಎರರ್ ಆಗುವುದಿಲ್ಲ, ಹಿಟ್ (ಬ್ಯಾಟರ್ ಹೊಡೆದು ಬೇಸ್ ಗಳಿಸಿದ ಹೊಡೆತ) ಆಗುತ್ತದೆ! ಎಫ್‌ಐಪಿ ಫೀಲ್ಡರ್‌ಗಳನ್ನೇ ಪಕ್ಕಕ್ಕಿಡುತ್ತದೆ. ಹೋಂ ರನ್ (ನಮ್ಮ ಸಿಕ್ಸರ್ ಥರ), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್), ಬ್ಯಾಟರ್ ಮೈಗೆ ಬಡಿದ ಚೆಂಡು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಇಷ್ಟನ್ನೇ ಎಣಿಸುತ್ತದೆ. ಅಂಕಿಯನ್ನು ಇಆರ್‌ಎ ಥರವೇ ಓದಿ, ಕಡಿಮೆ ಇದ್ದಷ್ಟೂ ಒಳ್ಳೆಯದು.

ಬಾಬಿಪ್ (BABIP) ಅನ್ನುವ ಅಂಕಿಯನ್ನೂ ನೋಡಿ. ಹೋಂ ರನ್ ಬಿಟ್ಟು, ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಅಂತ. ಸಾಮಾನ್ಯವಾಗಿ .300ರ ಆಸುಪಾಸು. ನಿಮ್ಮವನದು .350 ಇದ್ದರೆ ನಸೀಬು ಕೈಕೊಟ್ಟಿರುವುದೇ ಜಾಸ್ತಿ. ಬ್ಯಾಟರ್‌ಗಳಿಗೆ ಇದನ್ನೇ ಸುಮ್ನೆ ಅನ್ವಯಿಸಬೇಡಿ. ಜೋರಾಗಿ ಓಡುವವನು ವರ್ಷವರ್ಷವೂ .300 ದಾಟಬಹುದು.

ಒಂದು ಮಾತು. ಹೆಚ್ಚಿನ ಫ್ಯಾಂಟಸಿ ಲೀಗ್‌ಗಳಲ್ಲಿ ಪಾಯಿಂಟ್ ಸಿಗುವುದು ಇಆರ್‌ಎಗೆ, ಎಫ್‌ಐಪಿಗಲ್ಲ. ಎಫ್‌ಐಪಿ ಮುಂದಿನ ಅಂದಾಜಷ್ಟೇ. ಹಾಗಾಗಿ ಅವನನ್ನು ಕೆಲ ವಾರ ಬೆಂಚ್‌ನಲ್ಲಿ ಕೂರಿಸಿ, ಸ್ಟ್ರೈಕ್‌ಔಟ್ ಕಡಿಮೆಯಾಗುತ್ತಿದೆಯಾ ನೋಡುತ್ತಿರಿ. ಆದರೆ ಅಣ್ಣನ ಮಗನಿಗೆ ಮಾತ್ರ ಮಾರಬೇಡಿ!