ಅಚ್ಚಿನ ಜೆಲ್‌ಕೋಟ್ ಸುಕ್ಕುಗಟ್ಟಿದರೆ ವ್ಯಾಕ್ಸ್ ಬದಲಿಸಬೇಕೆ?

ಮಂಡ್ಯದ ಬಳಿ ತಗಡಿನ ಶೆಡ್ಡಿನಲ್ಲಿ ಸ್ಕೂಟರ್ ಮಡ್‌ಗಾರ್ಡಿಗೆ ಫೈಬರ್ ಅಚ್ಚು ತೆಗೆಯುತ್ತಿದ್ದೀರಿ. ಬಿಡಿಸಿದಾಗ ಜೆಲ್‌ಕೋಟ್‌ನಲ್ಲಿ, ಅಂದರೆ ಅಚ್ಚಿನ ಹೊರಮೈಯಾಗುವ ಮೊದಲ ರೆಸಿನ್ (ದ್ರವ ಪ್ಲಾಸ್ಟಿಕ್) ಪದರದಲ್ಲಿ, ಅಲ್ಲಲ್ಲಿ ಮೊಸಳೆ ಚರ್ಮದಂಥ ಸುಕ್ಕು, ಉಳಿದ ಕಡೆ ಸೂಜಿಮೊನೆಯಷ್ಟು ತೂತು. ಅಚ್ಚು ಸಲೀಸಾಗಿ ಬಿಡಲೆಂದು ಹಚ್ಚುವ ವ್ಯಾಕ್ಸ್ ದುಬಾರಿಯದ್ದೇ ಇರಲಿ ಎಂದು ಅಂಗಡಿಯವರು ಹೇಳಿದ್ದಾರೆ, ಕೊಳ್ಳಲೇ ಎಂಬುದು ನಿಮ್ಮ ಪ್ರಶ್ನೆ. ಬೇಡ, ದುಡ್ಡು ಉಳಿಸಿಕೊಳ್ಳಿ. ವ್ಯಾಕ್ಸ್ ಕೈಕೊಟ್ಟರೆ ಅಚ್ಚು ಮಾದರಿಗೆ (ಯಾವುದರ ಮೇಲೆ ಅಚ್ಚು ತೆಗೆಯುತ್ತೇವೋ ಅದಕ್ಕೆ) ಕಚ್ಚಿಕೊಳ್ಳುತ್ತದೆ. ಇಂಥ ಸುಕ್ಕು ಬರುವುದಿಲ್ಲ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇದೇ ಕೆಲಸ ಮಾಡಿಕೊಂಡಿರುವವನು ನಾನು. ಅಚ್ಚು ಕೆಟ್ಟಿತೆಂದು ಯಾರೇ ತಂದರೂ ಮೊದಲು ನೋಡುವುದು ಅಚ್ಚನ್ನಲ್ಲ, ಮಾದರಿಯನ್ನು. ಮಾದರಿಗೆ ಹೊಡೆದ ಬಣ್ಣವೇ ಉಬ್ಬಿದ್ದರೆ ಜೆಲ್‌ಕೋಟ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಅದನ್ನು ತಿಂದಿದೆ ಎಂದರ್ಥ. ಡಬ್ಬಿಯ ಸ್ಪ್ರೇ ಬಣ್ಣ, ಸಾದಾ ಎನಾಮೆಲ್ ಇದನ್ನು ತಡೆಯುವುದಿಲ್ಲ. ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರಿಥೇನ್) ಬಣ್ಣ ಹೊಡೆದು, ಪೂರ್ತಿ ಒಣಗಲು ಬಿಟ್ಟು, ವ್ಯಾಕ್ಸಿನ ಮೇಲೆ ಒಂದು ಪದರ ಪಿವಿಎ (ಅಚ್ಚು ಬಿಡಿಸಲು ನೆರವಾಗುವ ತೆಳು ಪೊರೆಯ ದ್ರಾವಣ) ಕೊಡಿ.

ಮಾದರಿ ನುಣುಪಾಗಿಯೇ ಇದೆಯೆ? ಹಾಗಾದರೆ ಸುಕ್ಕು ಎಲ್ಲಿ ಬಿದ್ದಿದೆ ಎಂದು ನೋಡಿ, ಉತ್ತರ ಅಲ್ಲೇ ಇರುತ್ತದೆ. ಜೆಲ್‌ಕೋಟ್ ಸಾಕಷ್ಟು ಗಟ್ಟಿಯಾಗುವ ಮೊದಲೇ ಅದರ ಮೇಲೆ ರೆಸಿನ್ ಬಿದ್ದರೆ, ರೆಸಿನ್‌ನ ಸ್ಟೈರೀನ್ ಒಳಗಿಳಿದು ಪದರವನ್ನು ಹಿಗ್ಗಿಸುತ್ತದೆ. ಹಿಗ್ಗಿದ ಪದರಕ್ಕೆ ಹೋಗಲು ಜಾಗವಿಲ್ಲದೆ ಮಡಿಕೆ ಬೀಳುತ್ತದೆ. ಅಂಚಿನಲ್ಲಿ, ಉಬ್ಬಿದ ಏಣಿನ ಮೇಲೆ ಮಾತ್ರ ಸುಕ್ಕಿದ್ದರೆ ಅಲ್ಲಿ ಪದರ ತೆಳುವಾಗಿದೆ. ತೆಳು ಪದರ ಬಿಸಿ ಹಿಡಿದಿಡುವುದಿಲ್ಲ, ಹಾಗಾಗಿ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ. ಆಳವಾದ ತಗ್ಗಿನಲ್ಲಿದ್ದರೆ ಸ್ಟೈರೀನ್ ಆವಿಯೇ ಕಾರಣವಿರಬಹುದು: ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತುಬಿಡುತ್ತದೆ. ಮಾದರಿಯನ್ನು ಓರೆ ಮಾಡಿ, ಸಣ್ಣಗೆ ಗಾಳಿಯಾಡಲು ಬಿಡಿ. ಇಡೀ ಮೈಗೆ ಹಬ್ಬಿದ್ದರೆ ಗಟ್ಟಿಯಾಗಲೆಂದು ಬೆರೆಸುವ ಕ್ಯಾಟಲಿಸ್ಟ್ ಕಡಿಮೆಯಾಗಿದೆ, ಇಲ್ಲವೇ ಚಳಿ. ಡಿಸೆಂಬರ್‌, ಜನವರಿಯ ಬೆಳಗ್ಗೆ ನಮ್ಮ ಕಡೆ ತಾಪಮಾನ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ತಗಡಿನ ಶೆಡ್ಡಿನಲ್ಲಿ ಬಿಸಿಲೇರುವವರೆಗೆ ಜೆಲ್‌ಕೋಟ್ ಡಬ್ಬಿ ಮುಚ್ಚಿಯೇ ಇರಲಿ.

ಕ್ಯಾಟಲಿಸ್ಟನ್ನು ಬಾಟಲಿ ಮುಚ್ಚಳದಲ್ಲಿ ಅಳೆಯುವ ಚಾಳಿ ನಿಮಗೂ ಇದ್ದರೆ ಇಂದೇ ಬಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಸಾಮಾನ್ಯವಾಗಿ ತೂಕದ ಶೇ. 1ರಿಂದ 2, ಅಂದರೆ ಕಿಲೋಗೆ 10ರಿಂದ 20 ಗ್ರಾಂ. ನಿಮ್ಮ ಡಬ್ಬಿಯ ಮೇಲೆ ಬರೆದಿರುವುದೇ ಅಂತಿಮ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟನ್ನು ಬೇರೆಯಾಗಿ ಹಾಕುವ ಜೆಲ್‌ಕೋಟ್ ಆಗಿದ್ದರೆ ಮೊದಲು ಅದನ್ನು ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ, ಸ್ಫೋಟವೂ ಆಗಬಹುದು. ಹಸಿ ಪದರದ ದಪ್ಪ 0.5ರಿಂದ 0.8 ಮಿಲಿಮೀಟರ್ ಇರಲಿ. ಅರ್ಧ ಮಿಲಿಮೀಟರಿಗೆ ಒಂದು ಚದರ ಮೀಟರಿಗೆ ಸುಮಾರು 600 ಗ್ರಾಂ ಹಿಡಿಯುತ್ತದೆ. ಈ ಲೆಕ್ಕದಲ್ಲಿ ತೂಗಿಕೊಂಡದ್ದರಲ್ಲಿ ಬಹಳ ಉಳಿದಿದ್ದರೆ ಎಲ್ಲೋ ಜಿಪುಣತನವಾಗಿದೆ.

ಮುಂದಿನ ಪದರಕ್ಕೆ ಗಡಿಯಾರ ನೋಡಬೇಡಿ. ಮೂಲೆಯಲ್ಲಿ ಬೆರಳಿಟ್ಟು ಒತ್ತಿ: ಅಂಟಿದಂತಾಗಬೇಕು, ಬೆರಳಚ್ಚು ಮೂಡಬೇಕು, ಆದರೆ ಬೆರಳಿಗೆ ಬಣ್ಣ ಹತ್ತಬಾರದು. ಬಣ್ಣ ಹತ್ತಿದರೆ ಇನ್ನೂ ಕಾಯಿರಿ. ಮೇಸ್ತ್ರಿಗಳ ಈ ಹಳೆಯ ಪರೀಕ್ಷೆಯನ್ನು ಮೀರಿಸುವ ಉಪಕರಣ ಸಣ್ಣ ಶೆಡ್ಡಿಗೆ ಬೇಕಿಲ್ಲ.

ಸೂಜಿತೂತುಗಳ ಕತೆ ಬೇರೆ, ಅದು ಸಿಕ್ಕಿಕೊಂಡ ಗಾಳಿ. ಡ್ರಿಲ್ಲಿಗೆ ಕಡ್ಡಿ ಸಿಕ್ಕಿಸಿ ನೊರೆ ಬರುವಂತೆ ಕಲಸುವವರಿಗೆ ಇದು ತಪ್ಪಿದ್ದಲ್ಲ. ಕೈಯಿಂದ ನಿಧಾನವಾಗಿ ಕಲಸಿ, ಎರಡು ನಿಮಿಷ ಬಿಟ್ಟು ಬಳಸಿ. ಒಂದೇ ಸಲಕ್ಕೆ ದಪ್ಪ ಹೊಡೆಯಬೇಡಿ. ಸ್ಪ್ರೇ ಗನ್ ಆದರೆ ಕಂಪ್ರೆಸರ್‌ನ ನೀರನ್ನು ದಿನವೂ ಬಸಿಯಿರಿ, ಮಳೆಗಾಲದಲ್ಲಂತೂ ಇದು ಕಡ್ಡಾಯ. ತೂತಿನ ಬದಲು ದುಂಡನೆಯ ಗುಳಿಗಳಾಗಿ ಜೆಲ್‌ಕೋಟ್ ಹಿಂದೆ ಸರಿದಿದ್ದರೆ ಅದು ಎಣ್ಣೆ ಅಥವಾ ಸಿಲಿಕೋನ್. ಕಾರಿಗೆ ಹಚ್ಚುವ ಪಾಲಿಶ್ ಆ ಮಾದರಿಯ ಹತ್ತಿರವೂ ಸುಳಿಯಬಾರದು. ಬೆಳಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುವ ಹುಡುಗರ ಕೈಯನ್ನೂ ಒಮ್ಮೆ ನೋಡಿ.

ನೀವು ಕೇಳದಿದ್ದರೂ ಒಂದು ಮಾತು: ಜೆಲ್‌ಕೋಟ್ ಹಿಂದೆ ನೇರವಾಗಿ ದಪ್ಪ ನೇಯ್ಗೆಯ ಬಟ್ಟೆ ಹಾಕಿದರೆ ಕೆಲವು ವಾರಗಳಲ್ಲಿ ಅದರ ಗೆರೆ ಮೇಲಕ್ಕೆ ಮೂಡುತ್ತದೆ, ಏಕೆಂದರೆ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಮೊದಲು ಸರ್ಫೇಸ್ ಟಿಶ್ಯೂ (ತೆಳು ಗಾಜಿನ ನಾರಿನ ಹಾಳೆ), ಮೇಲೆ ಚದರ ಮೀಟರಿಗೆ 300 ಗ್ರಾಂ ತೂಗುವ ಮ್ಯಾಟ್ (ನೇಯದ ಗಾಜಿನ ನಾರಿನ ಚಾಪೆ) ಒಂದೇ ಪದರ, ಒಂದು ರಾತ್ರಿ ಬಿಟ್ಟು ಉಳಿದದ್ದು. ಎಲ್ಲವನ್ನೂ ಒಂದೇ ದಿನ ಮುಗಿಸುವ ಆತುರಕ್ಕೆ ಬಿಸಿ ಹೆಚ್ಚಾಗಿ ಅಚ್ಚು ಸೊಟ್ಟಗಾಗುತ್ತದೆ.

ಈಗಿರುವ ಅಚ್ಚು ಉಳಿಯುತ್ತದೆಯೇ ಎಂದರೆ, ತೂತು ಮಾತ್ರ ಇರುವ ಭಾಗ ಉಳಿಯುತ್ತದೆ. ಪ್ರತಿ ತೂತನ್ನೂ ಮೊನೆಯಿಂದ ಬಿಡಿಸಿ ಅಗಲಿಸಿ, ಅಸಿಟೋನ್‌ನಿಂದ ವ್ಯಾಕ್ಸ್ ಒರೆಸಿ, ಅದೇ ಜೆಲ್‌ಕೋಟ್ ತುಂಬಿ, ಗಾಳಿ ತಾಗದಂತೆ ಪಾಲಿಯೆಸ್ಟರ್ ಹಾಳೆ ಅಂಟಿಸಿ. ಗಟ್ಟಿಯಾದ ಮೇಲೆ 400ರಿಂದ 1200ರವರೆಗೆ ವಾಟರ್ ಪೇಪರ್ ಹಿಡಿದು ಉಜ್ಜಿ ಪಾಲಿಶ್ ಮಾಡಿ. ಸುಕ್ಕು ಬಿದ್ದ ಕಡೆ ಜೆಲ್‌ಕೋಟ್ ಮ್ಯಾಟಿಗೆ ಸರಿಯಾಗಿ ಹಿಡಿದಿರುವುದಿಲ್ಲ, ತೇಪೆ ಹಾಕಿದರೆ ನಾಲ್ಕಾರು ಮಡ್‌ಗಾರ್ಡ್ ತೆಗೆಯುವಷ್ಟರಲ್ಲಿ ಕಿತ್ತು ಬರುತ್ತದೆ. ಅಂಗೈಗಿಂತ ಹೆಚ್ಚು ಜಾಗ ಸುಕ್ಕಾಗಿದ್ದರೆ ಅಚ್ಚನ್ನು ಒಡೆದುಹಾಕಿ, ಮಾದರಿಗೆ ಮತ್ತೆ ವ್ಯಾಕ್ಸ್ ಹಚ್ಚಿ. ಹಳೆಯ ವ್ಯಾಕ್ಸೇ ಸಾಕು.