ಡಿಡಿ ಕಮ್ಯಾಂಡ್ ತಪ್ಪಿ ಹಾರ್ಡ್ ಡಿಸ್ಕ್ ಮೇಲೆ ಓಡಿತು, ಡೇಟಾ ವಾಪಸ್ ಸಿಗುತ್ತಾ?

ಮೊದಲ ಮಾತು, ದಯವಿಟ್ಟು ರೀಬೂಟ್ ಮಾಡಬೇಡಿ.

ಪೆನ್‌ಡ್ರೈವ್‌ಗೆ ಡಿಡಿಯಿಂದ (ಡ್ರೈವ್ ಮೇಲೆ ನೇರವಾಗಿ ಬರೆಯುವ ಕಮ್ಯಾಂಡ್) ಲಿನಕ್ಸ್ ಇಮೇಜ್ ಬರೆಯುವಾಗ ಹಾರ್ಡ್ ಡಿಸ್ಕ್ ಹೆಸರು ಕೊಟ್ಟುಬಿಟ್ಟೆ, ಕೆಲವು ಸೆಕೆಂಡಲ್ಲಿ ನಿಲ್ಲಿಸಿದೆ, ಡಿಸ್ಕ್‌ನ ಎರಡು ಪಾರ್ಟಿಶನ್ನೂ (ಭಾಗಗಳು) ಇನ್ನೂ ಮೌಂಟ್ ಆಗಿವೆ, ಅಂದರೆ ಬಳಕೆಗೆ ಜೋಡಿಸಿಕೊಂಡೇ ಇವೆ, ಎರಡನೆಯದರ ಫೈಲ್‌ಗಳು ತೆರೆಯುತ್ತಿವೆ ಅಂದಿದ್ದೀರಿ. ಹಾಗಿದ್ದರೆ ನಿಮ್ಮ ಕೈಯಲ್ಲಿ ಇನ್ನೂ ತುಂಬಾ ಉಳಿದಿದೆ. ಯಾವ ಪಾರ್ಟಿಶನ್ ಎಲ್ಲಿದೆ ಅಂತ ಹೇಳುವ, ಡಿಸ್ಕ್ ಮೇಲಿನ ಟೇಬಲ್ ಅಳಿಸಿದ್ದರೂ, ಪಾರ್ಟಿಶನ್ ಬಳಕೆಯಲ್ಲಿ ಇರುವವರೆಗೆ ಕರ್ನಲ್ (ಲಿನಕ್ಸ್‌ನ ತಿರುಳು) ಹಳೆಯ ಟೇಬಲನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ರೀಬೂಟ್ ಮಾಡಿದರೆ ಅದೂ ಹೋಯ್ತು. ನಾನು ಇದೇ ತಪ್ಪು ಮಾಡಿದಾಗ ಗಾಬರಿಯಲ್ಲಿ ಪವರ್ ಬಟನ್ ಒತ್ತಿದ್ದೆ, ಆಮೇಲೆ ಪಾರ್ಟಿಶನ್ ಎಲ್ಲಿ ಶುರುವಾಗಿತ್ತು ಅಂತ ಹುಡುಕುವುದರಲ್ಲೇ ಎರಡು ದಿನ ಹೋಯಿತು.

ಈಗಲೇ ಎರಡನೇ ಪಾರ್ಟಿಶನ್ನಿನ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಉಳಿದದ್ದೆಲ್ಲ ಆಮೇಲೆ. ಅದು ಓಡುತ್ತಿರುವಾಗ ಸಿಸ್ ಫೋಲ್ಡರ್ ಒಳಗೆ ಬ್ಲಾಕ್, ಅದರೊಳಗೆ ನಿಮ್ಮ ಡಿಸ್ಕ್, ಅದರೊಳಗೆ ಒಂದೊಂದು ಪಾರ್ಟಿಶನ್ನಿನ ಫೋಲ್ಡರ್ ತೆರೆದು ನೋಡಿ. ಅಲ್ಲಿ ಸ್ಟಾರ್ಟ್, ಸೈಜ್ ಅಂತ ಎರಡು ಫೈಲ್ ಇರುತ್ತವೆ, ಒಂದೊಂದರಲ್ಲೂ ಒಂದೇ ಸಂಖ್ಯೆ, 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ. ಮೊದಲ ಪಾರ್ಟಿಶನ್ ಸಾಮಾನ್ಯವಾಗಿ 2048ರಿಂದ ಶುರುವಾಗಿರುತ್ತದೆ. ಈ ನಾಲ್ಕು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೇ ಡಿಸ್ಕ್‌ನಲ್ಲಿ ಸೇವ್ ಮಾಡಬೇಡಿ.

ಆಮೇಲೆ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ಲಿನಕ್ಸ್ ಓಡಿಸುವಂಥದ್ದು) ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನುವ ಟೂಲ್ ಬಳಸಿ ಇಡೀ ಡಿಸ್ಕ್‌ನ ಇಮೇಜ್, ಅಂದರೆ ಇದ್ದ ಹಾಗೇ ಪ್ರತಿ, ತೆಗೆಯಿರಿ. ಇದಕ್ಕೆ ಅಷ್ಟೇ ದೊಡ್ಡ ಜಾಗ ಬೇಕು, ಗೊತ್ತು, ಆದರೆ ಇದನ್ನು ಬಿಡಬೇಡಿ. ಮುಂದಿನ ಪ್ರಯೋಗಗಳೆಲ್ಲ ಇಮೇಜ್ ಮೇಲೆ ಮಾತ್ರ. ಒಂದು ಪ್ರಯೋಗ ಕೆಟ್ಟರೆ ಇನ್ನೊಂದು ಮಾಡಲು ಅಸಲು ಡಿಸ್ಕ್ ಹಾಗೇ ಇರುತ್ತದೆ ಅಲ್ವಾ.

ಡಿಸ್ಕ್ ಜಿಪಿಟಿ (ಟೇಬಲ್‌ನ ಹೊಸ ಬಗೆ) ಆಗಿದ್ದರೆ ಟೇಬಲ್‌ನ ಇನ್ನೊಂದು ಪ್ರತಿ ಡಿಸ್ಕ್‌ನ ತುತ್ತತುದಿಯಲ್ಲಿ ಇರುತ್ತದೆ. ಡಿಡಿ ಅಲ್ಲಿಯವರೆಗೆ ಹೋಗಿಲ್ಲ. ಜಿಡಿಸ್ಕ್ ಅನ್ನುವ ಪಾರ್ಟಿಶನ್ ಟೂಲ್‌ನ ರಿಕವರಿ ಮೆನುವಿನಲ್ಲಿ ಆ ಪ್ರತಿಯಿಂದ ಮೊದಲಿನದನ್ನು ಮತ್ತೆ ಕಟ್ಟಬಹುದು. ಬರೆಯುವ ಮುಂಚೆ ಪಟ್ಟಿಯನ್ನು ನಿಮ್ಮ ಕಾಗದದ ಸಂಖ್ಯೆಗಳ ಜೊತೆ ಹೋಲಿಸಿ, ಒಂದು ಅಂಕಿ ತಪ್ಪಿದ್ದರೂ ಬರೆಯದೆ ಹೊರಗೆ ಬನ್ನಿ. ಹಳೆಯ ಬಗೆಯ ಟೇಬಲ್, ಎಂಬಿಆರ್ ಆಗಿದ್ದರೆ ಈ ಪ್ರತಿ ಇರುವುದಿಲ್ಲ, ಅದರ ಟೇಬಲ್ ಮೊದಲ ಸೆಕ್ಟರ್‌ನಲ್ಲಿ ಬರೀ 64 ಬೈಟ್. ಆಗ ಕಾಗದದ ಸಂಖ್ಯೆಗಳನ್ನೇ ಕೊಟ್ಟು ಹೊಸದಾಗಿ ಬರೆಯಬೇಕು, ಇಲ್ಲವೇ ಕಳೆದುಹೋದ ಪಾರ್ಟಿಶನ್‌ಗಳನ್ನು ಟೆಸ್ಟ್‌ಡಿಸ್ಕ್ ಅನ್ನುವ ಟೂಲ್ ಹುಡುಕಲಿ. ಅದು ಪಾರ್ಟಿಶನ್ ತೋರಿಸಿದಾಗ ಪಿ ಒತ್ತಿ, ಒಳಗಿನ ಫೋಲ್ಡರ್ ಹೆಸರುಗಳು ಕಾಣಿಸಿದರೆ ಮಾತ್ರ ನಂಬಿ.

ಕಷ್ಟ ಇರುವುದು ಮೊದಲ ಪಾರ್ಟಿಶನ್‌ನಲ್ಲಿ. ಅದರ ಶುರುವಿನ ಭಾಗ ನಿಜವಾಗಿ ಹೋಗಿದೆ, ಅದನ್ನು ಯಾವ ಸಾಫ್ಟ್‌ವೇರೂ ತಂದುಕೊಡಲ್ಲ. ಆದರೆ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್‌ಸಿಸ್ಟಮ್) ತನ್ನ ಸೂಪರ್‌ಬ್ಲಾಕ್‌ನ, ಅಂದರೆ ಫೈಲ್‌ಸಿಸ್ಟಮ್‌ನ ಮೂಲ ವಿವರಗಳ, ಪ್ರತಿಗಳನ್ನು ಅಲ್ಲಲ್ಲಿ ಇಟ್ಟಿರುತ್ತದೆ. 4 ಕೆಬಿ ಬ್ಲಾಕ್ ಇದ್ದರೆ ಮೊದಲ ಪ್ರತಿ 32768ನೇ ಬ್ಲಾಕ್‌ನಲ್ಲಿ, ಅಂದರೆ 128 ಎಂಬಿ ದಾಟಿದ ಮೇಲೆ, ಮುಂದಿನದು 98304ರಲ್ಲಿ. ಡಿಡಿ ಎಷ್ಟು ಎಂಬಿ ಬರೆದೆ ಅಂತ ನಿಲ್ಲುವಾಗ ಹೇಳಿರುತ್ತದೆ, ಅದಕ್ಕಿಂತ ಆಚೆಗಿನ ಪ್ರತಿಯನ್ನು ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಇ2ಎಫ್‌ಎಸ್‌ಸಿಕೆಗೆ ಕೊಡಿ. ನನಗೆ ಹೀಗೆ ಮಾಡಿದಾಗ ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರ್ ತುಂಬಾ ಹ್ಯಾಶ್ ಗುರುತಿನ ಮುಂದೆ ಬರೀ ನಂಬರ್ ಇರುವ ಹೆಸರುಗಳು ಸಿಕ್ಕವು. ಒಂದನ್ನು ತೆರೆದರೆ ಒಳಗೆ ಫೋಟೊಗಳು, ಅವುಗಳ ಸ್ವಂತ ಹೆಸರಲ್ಲೇ. ಹೊರಗಿನ ಫೋಲ್ಡರ್ ಹೆಸರು ಮಾತ್ರ ಹೋಗಿತ್ತು.

ಇದೂ ಆಗದಿದ್ದರೆ ಫೋಟೊರೆಕ್ ಅನ್ನುವ ಫೈಲ್ ರಿಕವರಿ ಟೂಲ್ ಇದೆ, ಫೈಲ್ ಸಿಗುತ್ತವೆ, ಹೆಸರು ಸಿಗಲ್ಲ. ಫೈಲ್ ತುಂಡು ತುಂಡಾಗಿ ಕೂತಿದ್ದರೆ ಅರ್ಧಂಬರ್ಧ ಬರುತ್ತದೆ, ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಕಾಪಿ ಮುಗಿದ ಮೇಲೆ ಆ ನಾಲ್ಕು ಸಂಖ್ಯೆಗಳನ್ನು, ಡಿಡಿ ಕೊನೆಗೆ ತೋರಿಸಿದ ಸಾಲನ್ನು ಇಲ್ಲಿ ಹಾಕಿ. ಯಾವ ಬ್ಲಾಕ್ ನಂಬರ್ ಕೊಡಬೇಕು ಅಂತ ಸೇರಿ ಲೆಕ್ಕ ಹಾಕೋಣ.