ಕುಸರೆಳ್ಳಿನ ಮುಳ್ಳು, ದಾರದ ಹರಳು

ಗದಗಿನ ಹೈಸ್ಕೂಲು ಮಾಸ್ತರರೊಬ್ಬರ ಪತ್ರ: “ಬ್ಲಾಕ್ ಕೋಪಾಲಿಮರ್‌ಗಳು ದ್ರಾವಣದಲ್ಲಿ ‘ಸಕ್ಕರೆಯಂತೆಯೇ’ ಹರಳುಗಟ್ಟುತ್ತವೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಸಕ್ಕರೆಯದು ಪುಟ್ಟ ಅಣು, ಸಾಲಾಗಿ ಕೂಡ್ರುತ್ತದೆ. ಸಾವಿರಾರು ಕೊಂಡಿಗಳ ದಾರ ಹೇಗೆ ಕೂಡ್ರೀತು? ಅದರಲ್ಲಿ ಅರ್ಧಕ್ಕೆ ಹರಳಾಗುವ ಗುಣವೇ ಇಲ್ಲದಿದ್ದರೆ? ಮಕ್ಕಳು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ.”

ಮಾಸ್ತರರೇ, ‘ಸಕ್ಕರೆಯಂತೆಯೇ’ ಎಂಬ ಮಾತು ತಪ್ಪು. ಅದು ಲೇಖಕರದ್ದಲ್ಲ, ತಿದ್ದುವಾಗ ನಾನು ಸೇರಿಸಿದ್ದು.

ಪಾಲಿಮರ್ ಎಂದರೆ ಪುಟ್ಟ ಘಟಕಗಳು ಕೊಂಡಿಕೊಂಡಿಯಾಗಿ ಸೇರಿದ, ದಾರದಂಥ ಉದ್ದನೆಯ ಅಣು. ಈ ದಾರ ಮಡಚಿಕೊಳ್ಳುತ್ತದೆ. ಕ್ಸೈಲೀನ್ ಎಂಬ ದ್ರಾವಕದಲ್ಲಿ ಕರಗಿಸಿದ ಪಾಲಿಎಥಿಲೀನ್ (ಪ್ಲಾಸ್ಟಿಕ್ ಚೀಲದ ಪಾಲಿಮರ್) ತಣಿಯುವಾಗ ತೆಳು ಹಾಳೆಯಂಥ ಹರಳುಗಳಾಗುತ್ತದೆ. 1957ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಜ್ಞಾನಿ ಆಂಡ್ರ್ಯೂ ಕೆಲರ್ ಅವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹಾಳೆಯ ದಪ್ಪ ಸುಮಾರು 10 ನ್ಯಾನೋಮೀಟರ್. ದಾರಗಳು ಹಾಳೆಗೆ ಲಂಬವಾಗಿ ನಿಂತಿವೆ, ಉದ್ದವೋ ಅದರ ಎಷ್ಟೋ ಪಟ್ಟು. ಹಾಗಾದರೆ ಸೀರೆಯ ನಿರಿಗೆಯ ಹಾಗೆ ಹಿಂದಕ್ಕೂ ಮುಂದಕ್ಕೂ ಮಡಚದೆ ಗತ್ಯಂತರವಿಲ್ಲ ಎಂದರು ಕೆಲರ್.

ಈಗ ಮಕ್ಕಳ ಪ್ರಶ್ನೆಯ ತಿರುಳು. ಎರಡು ಜಾತಿಯ ದಾರಗಳನ್ನು ತುದಿಗೆ ತುದಿ ಬೆಸೆದದ್ದೇ ಬ್ಲಾಕ್ ಕೋಪಾಲಿಮರ್. ಪಾಲಿಎಥಿಲೀನ್ ಆಕ್ಸೈಡ್ ಮತ್ತು ಪಾಲಿಸ್ಟೈರೀನ್ ಜೋಡಿಯನ್ನೇ ನೋಡಿ. ಆಕ್ಸೈಡ್ ಮಡಚಿ ಹಾಳೆಯಾಗುತ್ತದೆ. ಸ್ಟೈರೀನ್ ಭಾಗಕ್ಕೆ ಹರಳಿನೊಳಗೆ ಜಾಗವಿಲ್ಲ, ಬೆಸುಗೆ ಇರುವುದರಿಂದ ದೂರ ಹೋಗುವಂತೆಯೂ ಇಲ್ಲ. ಹಾಳೆಯ ಎರಡೂ ಮೈಮೇಲೆ ಹುಲ್ಲಿನಂತೆ ಎದ್ದು ನಿಲ್ಲುತ್ತದೆ. ಹುಲ್ಲು ಉದ್ದವಾದಷ್ಟೂ ಇಕ್ಕಟ್ಟು. ಆಗ ಒಳಗಿನ ದಾರ ಇನ್ನೊಂದು ಮಡಿಕೆ ಹಾಕಿ ಜಾಗ ಅಗಲ ಮಾಡಿಕೊಡುತ್ತದೆ, ಹಾಳೆ ತೆಳುವಾಗುತ್ತದೆ. ಹರಳಾಗದ ಅರ್ಧ ಸುಮ್ಮನೆ ಜೋತುಬಿದ್ದಿಲ್ಲ. ಹರಳು ಎಷ್ಟು ದಪ್ಪವಿರಬೇಕು ಎಂಬುದರಲ್ಲಿ ಅದರದ್ದೂ ಮಾತು ನಡೆಯುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಆದರೂ ಸಕ್ಕರೆಯನ್ನು ಪೂರ್ತಿ ಬಿಡಲು ಮನಸ್ಸಿಲ್ಲ. ಸಂಕ್ರಾಂತಿ ಮುಂದೆ ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಕುಸರೆಳ್ಳು ಮಾಡುತ್ತಿದ್ದಳು. ಶೆಗಡಿಯ ಸಣ್ಣ ಕೆಂಡದ ಮೇಲೆ ಪರಾತ, ಒಂದು ಹಿಡಿ ಎಳ್ಳು, ಒಂದು ಚಮಚೆ ಪಾಕ. ಬೆರಳಿನಿಂದ ಆಡಿಸುತ್ತಲೇ ಇರಬೇಕು. ಒಣಗಿದ ಮೇಲೆ ಇನ್ನೊಂದು ಚಮಚೆ. ಸಂಜೆಗೆ ಕಾಳುಕಾಳಿಗೂ ಬಿಳಿ ಮುಳ್ಳು. ಅವಸರ ಮಾಡಿ ಸುರಿದರೆ ಮುದ್ದೆ.

2007ರಲ್ಲಿ ರಸಾಯನವಿಜ್ಞಾನಿಗಳಾದ ಇಯಾನ್ ಮ್ಯಾನರ್ಸ್, ಮಿಚೆಲ್ ವಿನ್ನಿಕ್ ಅವರ ತಂಡ ತೋರಿಸಿದ್ದು ಇದಕ್ಕೆ ಬಹಳ ಹತ್ತಿರ. ಅವರ ಪಾಲಿಮರ್‌ನಲ್ಲಿ ಕಬ್ಬಿಣವಿರುವ ಭಾಗ ಹರಳಾಗಿ, ನೀಳ ಕಡ್ಡಿಗಳಾಗುತ್ತವೆ. ಕರಗಿದ ಪಾಲಿಮರ್ ಮತ್ತಷ್ಟು ಕೊಟ್ಟರೆ ಕಡ್ಡಿಯ ತುದಿಗಳು ಬೆಳೆಯುತ್ತವೆ. ಹೊಸ ಹರಳು ಹುಟ್ಟುವುದು ಕಷ್ಟ, ಇದ್ದುದಕ್ಕೆ ಕೂಡುವುದು ಸುಲಭ. ಮುಂದೆ ಕಡ್ಡಿಗಳನ್ನು ಶ್ರವಣಾತೀತ ಧ್ವನಿಯಿಂದ ತುಂಡರಿಸಿ, ಆ ತುಂಡುಗಳನ್ನೇ ಬೀಜ ಮಾಡಿಕೊಂಡರು. ಬೀಜಕ್ಕೆ ಇಷ್ಟು ಪಾಲಿಮರ್ ಎಂದು ಅಳೆದು ಕೊಟ್ಟರೆ ಉದ್ದವೂ ಅಷ್ಟಕ್ಕೇ ನಿಲ್ಲುತ್ತದೆ.

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಬಿಳಿ ದಾರಕ್ಕೆ ಕೆಂಪು ದಾರ ಗಂಟು ಹಾಕಿ, ಮಕ್ಕಳಿಗೆ ಒಂದೊಂದು ಕೊಡಿ. ಬಿಳಿಯದನ್ನು ಬೆರಳುದ್ದಕ್ಕೆ ಮಡಚಿ ಪಕ್ಕಪಕ್ಕ ಒತ್ತಾಗಿ ಜೋಡಿಸಲಿ. ಕೆಂಪು ದಾರ ಎಲ್ಲಿಗೆ ಹೋಗಬೇಕೆಂದು ಅವರೇ ಹೇಳುತ್ತಾರೆ.

ತಿದ್ದುಪಡಿ ಇದೇ ಸಂಚಿಕೆಯ 2ನೇ ಪುಟದಲ್ಲಿದೆ.

— ಸಂಪಾದಕ